ಉಸಿರು ಸರಾಗವಾಯಿತು, ಕಾರಣ ಸಿಕ್ಕಿತೇ?

ದಮ್ಮು ಹತ್ತಿ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದವರಿಗೆ ಮೊದಲು ಆಗಬೇಕಾದದ್ದು ಉಸಿರಾಡುವಂತೆ ಮಾಡುವುದು. ಆಕ್ಸಿಜನ್ ಹಾಕುತ್ತಾರೆ, ನೆಬುಲೈಸರ್ ಇಡುತ್ತಾರೆ, ಎದೆಯಲ್ಲಿ ನೀರಿದ್ದರೆ ಸೂಜಿ ಹಾಕಿ ತೆಗೆಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಎಡವಟ್ಟು ಆಗುವುದು ಇದಾದ ಮೇಲೆ. ಉಸಿರು ಸರಾಗವಾದೊಡನೆ ರೋಗಿಗೂ ಮನೆಯವರಿಗೂ, ಎಷ್ಟೋ ಸಲ ನೋಡಿದ ವೈದ್ಯರಿಗೂ, ಕಾಯಿಲೆಯೇ ವಾಸಿಯಾದಷ್ಟು ಸಮಾಧಾನ. ಇದು ಯಾಕೆ ಬಂತು ಎಂಬ ಪ್ರಶ್ನೆ ಡಿಸ್ಚಾರ್ಜ್ ಕಾಗದದ ಜೊತೆಗೆ ಬೀರು ಸೇರಿಬಿಡುತ್ತದೆ. ಹೆಚ್ಚಿನವರಲ್ಲಿ ಆ ಪ್ರಶ್ನೆಗೆ ಉತ್ತರ ಸೋಂಕು, ಅಸ್ತಮಾ, ಹೃದಯದ ದೌರ್ಬಲ್ಯ, ಇಂಥವೇ. ಕೆಲವರಲ್ಲಿ ಮಾತ್ರ ಉತ್ತರ ಕ್ಯಾನ್ಸರ್. ಅವರಿಗೆ ಈ ಸಮಾಧಾನ ತುಂಬ ದುಬಾರಿಯಾಗುತ್ತದೆ.

ಆ ಕ್ಯಾನ್ಸರ್ ಶ್ವಾಸಕೋಶದ್ದೇ ಆಗಿರಬೇಕೆಂದಿಲ್ಲ. ದೇಹದ ಎಲ್ಲ ಕಡೆಯಿಂದ ಹಿಂದಿರುಗುವ ರಕ್ತ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಮೂಲಕ ಹಾದುಹೋಗಲೇಬೇಕು. ಸ್ತನ, ಜಠರ, ಮೂತ್ರಪಿಂಡ, ಅಂಡಾಶಯ, ವೃಷಣ ಎಲ್ಲಿಂದ ಕಳಚಿದ ಕ್ಯಾನ್ಸರ್ ಕೋಶವಾದರೂ ಬಂದು ಸಿಕ್ಕಿಕೊಳ್ಳಲು ಶ್ವಾಸಕೋಶ ಅನುಕೂಲದ ಜಾಗ. ಹಾಗೆ ಬಂದದ್ದು ಬಹುಕಾಲ ಗೊತ್ತೇ ಆಗುವುದಿಲ್ಲ, ಏಕೆಂದರೆ ಶ್ವಾಸಕೋಶದ ಒಳಗಿನ ಅಂಗಾಂಶಕ್ಕೆ ನೋವು ತಿಳಿಯುವುದಿಲ್ಲ. ಎದೆಗೂಡಿನ ಒಳಬದಿಗೆ ಅಂಟಿದ ಪೊರೆಗೆ ಗಡ್ಡೆ ತಾಗುವವರೆಗೆ ನೋವಿಲ್ಲ. ಮೇಲಾಗಿ ಶ್ವಾಸಕೋಶಕ್ಕೆ ಹೆಚ್ಚುವರಿ ಸಾಮರ್ಥ್ಯ ಬೇಕಾದಷ್ಟಿದೆ. ಒಂದು ಬದಿಯದನ್ನು ಪೂರ್ತಿ ತೆಗೆದರೂ ಮನುಷ್ಯ ನಡೆದಾಡಿಕೊಂಡು ಬದುಕಬಲ್ಲ. ಹಾಗಾಗಿ ತಿಂಗಳುಗಟ್ಟಲೆ ಮುಂದುವರಿದ ಕಾಯಿಲೆ ಆ ಸಾಮರ್ಥ್ಯವನ್ನೆಲ್ಲ ತಿಂದು ಮುಗಿಸಿದ ದಿನ, ಮೆಟ್ಟಿಲು ಹತ್ತುವಾಗಲೋ ರಾತ್ರಿ ಮಲಗಿದಾಗಲೋ, ದಮ್ಮು ಕಾಣಿಸಿಕೊಳ್ಳುತ್ತದೆ. ‘ನಿನ್ನೆಯವರೆಗೂ ಚೆನ್ನಾಗಿದ್ದರು’ ಎಂದು ಮನೆಯವರು ಹೇಳುವುದು ಸುಳ್ಳಲ್ಲ.

ನಮ್ಮ ದೇಶದ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಹೊಸದಾಗಿ ಕ್ಷಯ ತಗುಲಿದವರು ಸುಮಾರು 28 ಲಕ್ಷ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದವರು ಸುಮಾರು 81 ಸಾವಿರ. ಅದೇ ವರ್ಷ ಅದರಿಂದ ತೀರಿಕೊಂಡವರು ಸುಮಾರು 75 ಸಾವಿರ. ಹೊಸ ರೋಗಿಗಳ ಸಂಖ್ಯೆಯೂ ಸಾವಿನ ಸಂಖ್ಯೆಯೂ ಇಷ್ಟು ಹತ್ತಿರ ಇವೆಯೆಂದರೆ ಬಹುಪಾಲು ಜನ ತೀರ ತಡವಾಗಿ ಬರುತ್ತಿದ್ದಾರೆಂದೇ ಅರ್ಥ. ಕೆಮ್ಮು, ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಕಲೆ ಇವೆಲ್ಲ ಕಂಡಾಗ ವೈದ್ಯರ ಮನಸ್ಸು ಮೊದಲು ಕ್ಷಯದ ಕಡೆಗೆ ಹೋಗುವುದು ಸಹಜ, ಮತ್ತು ಹೆಚ್ಚು ಸಲ ಅದೇ ಸರಿ. ಈ ಲೇಖನ ಅವರನ್ನು ದೂರುವುದಕ್ಕಲ್ಲ. ಮೊದಲ ಊಹೆ ಕೈಕೊಟ್ಟಾಗ ಹಿಂದಿರುಗಿ ನೋಡುವ ವ್ಯವಸ್ಥೆ ನಮ್ಮಲ್ಲಿ ತೀರ ಸಡಿಲವಾಗಿದೆ ಎಂಬುದು ನನ್ನ ತಕರಾರು.

ಎದೆಯ ನೀರಿನಿಂದಲೇ ಶುರು ಮಾಡೋಣ. ಶ್ವಾಸಕೋಶವನ್ನು ಸುತ್ತಿದ ಎರಡು ಪೊರೆಗಳ ನಡುವೆ ಆರೋಗ್ಯವಂತರಲ್ಲಿ ಒಂದೆರಡು ಚಮಚದಷ್ಟು ದ್ರವ ಇರುತ್ತದೆ, ಅಷ್ಟೇ. ಕ್ಯಾನ್ಸರ್ ಕೋಶಗಳು ಆ ಪೊರೆಗೆ ಹರಡಿದಾಗ ದ್ರವ ಒಸರುವುದು ಹೆಚ್ಚುತ್ತದೆ, ಅದನ್ನು ಹೀರಿಕೊಳ್ಳುವ ದುಗ್ಧನಾಳಗಳು ಕಟ್ಟಿಕೊಳ್ಳುತ್ತವೆ. ಒಂದು, ಎರಡು ಲೀಟರಿನವರೆಗೂ ನೀರು ತುಂಬಿ ಶ್ವಾಸಕೋಶವನ್ನು ಒತ್ತಿಬಿಡುತ್ತದೆ. ನಿಂತು ತೆಗೆಸಿದ ಮಾಮೂಲಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಬೇಕಾದರೂ 200 ಮಿಲಿಲೀಟರಿನಷ್ಟು ಸೇರಿರಬೇಕು. ಇಂಥ ನೀರಿಗೆ ಕಾರಣವಾಗುವ ಕ್ಯಾನ್ಸರುಗಳಲ್ಲಿ ಮುಂದಿರುವುದು ಶ್ವಾಸಕೋಶದ್ದು, ಸ್ತನದ್ದು, ಆಮೇಲೆ ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ. ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಕೂಡ, ಹೊಟ್ಟೆ ಉಬ್ಬರಿಸುವ ಮೊದಲೇ, ಎದೆಯ ನೀರಾಗಿ ಕಾಣಿಸಿಕೊಳ್ಳುವುದುಂಟು.

ಸೂಜಿ ಹಾಕಿ ನೀರು ತೆಗೆದರೆ ಅರ್ಧ ಗಂಟೆಯಲ್ಲಿ ರೋಗಿಯ ಮುಖವೇ ಬದಲಾಗುತ್ತದೆ. ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯಬಾರದೆಂಬ ಎಚ್ಚರಿಕೆ ಎಲ್ಲ ವೈದ್ಯರಿಗೂ ಗೊತ್ತು, ಏಕೆಂದರೆ ಮುದುಡಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಇಳಿಯುತ್ತದೆ. ಆದರೆ ತೆಗೆದ ನೀರು ಎಲ್ಲಿಗೆ ಹೋಗುತ್ತದೆ? ಚಿಕ್ಕ ಊರಿನ ನರ್ಸಿಂಗ್ ಹೋಮುಗಳಲ್ಲಿ ಒಂದು ಸಣ್ಣ ಬಾಟಲಿ ಲ್ಯಾಬಿಗೆ, ಉಳಿದದ್ದು ಚರಂಡಿಗೆ. ಲ್ಯಾಬಿಗೆ ಹೋದದ್ದರಲ್ಲೂ ಸಕ್ಕರೆ, ಪ್ರೊಟೀನು, ಎಡಿಎ ಇಷ್ಟನ್ನು ನೋಡಿ ಬಿಡುತ್ತಾರೆ. ಎಡಿಎ ಒಂದು ಕಿಣ್ವ. ಕ್ಷಯದಿಂದ ಬಂದ ನೀರಿನಲ್ಲಿ ಅದು ಸಾಮಾನ್ಯವಾಗಿ 40 ಯೂನಿಟ್ ದಾಟುತ್ತದೆ. ನಮ್ಮಲ್ಲಿ ಇದು ಅಗ್ಗದ, ಉಪಯುಕ್ತ ಪರೀಕ್ಷೆಯೇ ಹೌದು. ತೊಡಕೇನೆಂದರೆ ಲಿಂಫೋಮಾದಲ್ಲೂ ಎಡಿಎ ಏರಬಹುದು. ಇನ್ನು ಕೋಶಗಳನ್ನು ಎಣಿಸಿದಾಗ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಹೆಚ್ಚಿದ್ದರೆ ಕ್ಷಯ ಎಂಬ ನಂಬಿಕೆ ಗಟ್ಟಿಯಾಗಿದೆ. ಕ್ಯಾನ್ಸರಿನ ನೀರಿನಲ್ಲೂ ಬಹುಮಟ್ಟಿಗೆ ಅವೇ ಹೆಚ್ಚಿರುತ್ತವೆ.

ಕ್ಯಾನ್ಸರ್ ಕೋಶ ಇದೆಯೇ ಎಂದು ನೋಡುವ ಸೈಟಾಲಜಿ ಪರೀಕ್ಷೆ ಬೇರೆ. ಅದಕ್ಕೂ ಮಿತಿಯಿದೆ. ಕ್ಯಾನ್ಸರಿನಿಂದಲೇ ಬಂದ ನೀರಿನಲ್ಲಿ ಮೊದಲ ಸಲ ಅದು ಕಾಯಿಲೆಯನ್ನು ಹಿಡಿಯುವುದು ನೂರರಲ್ಲಿ ಸುಮಾರು 60 ಮಂದಿಯಲ್ಲಿ. ಎರಡನೆಯ ಮಾದರಿಯಲ್ಲಿ ಇನ್ನಷ್ಟು ಸಿಗುತ್ತವೆ, ಮೂರನೆಯದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಅಂದರೆ ‘ಸೈಟಾಲಜಿ ನೆಗೆಟಿವ್’ ಎಂಬ ಕಾಗದ ಕ್ಯಾನ್ಸರ್ ಇಲ್ಲ ಎಂಬ ಸರ್ಟಿಫಿಕೇಟಲ್ಲ. ಅನುಮಾನ ಉಳಿದಿದ್ದರೆ ಎದೆಯೊಳಗೆ ಕ್ಯಾಮೆರಾ ಇಳಿಸಿ ಪೊರೆಯ ಚೂರು ತೆಗೆಯುವ ಥೊರಾಕೋಸ್ಕೋಪಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಉತ್ತರ ಕೊಡುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಇದು ಸಿಗುವ ಸೌಲಭ್ಯ. ಅಲ್ಲಿಗೆ ಕಳಿಸಬೇಕೆಂದು ಯಾರಿಗಾದರೂ ಅನ್ನಿಸಬೇಕು. ಅದು ಅನ್ನಿಸುವುದು ನೀರು ಮತ್ತೆ ತುಂಬಿದಾಗ. ಒಂದೇ ಬದಿಯಲ್ಲಿ, ತೆಗೆದ ಎರಡು ಮೂರು ವಾರದಲ್ಲೇ ಮತ್ತೆ ತುಂಬುವ ನೀರು, ಅದರಲ್ಲೂ ರಕ್ತ ಬೆರೆತದ್ದು, ಐವತ್ತು ದಾಟಿದವರಲ್ಲಿ ಕ್ಷಯ ಎಂದು ಸುಮ್ಮನಾಗುವಂಥದ್ದಲ್ಲ.

ಸುಮ್ಮನಾಗುವುದು ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಗದಿದ್ದರೂ, ಲಕ್ಷಣ ಮತ್ತು ಎಕ್ಸ್‌ರೇ ನೋಡಿ ಕ್ಷಯವೆಂದು ತೀರ್ಮಾನಿಸಿ ಚಿಕಿತ್ಸೆ ಶುರು ಮಾಡಲು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅವಕಾಶವಿದೆ. ಅವಕಾಶ ಇರಲೇಬೇಕು, ಇಲ್ಲದಿದ್ದರೆ ಕಫ ಬಾರದ ಎಷ್ಟೋ ಕ್ಷಯರೋಗಿಗಳು ಸಾಯುತ್ತಾರೆ. ಆರು ತಿಂಗಳ ಚಿಕಿತ್ಸೆ, ಮೊದಲ ಎರಡು ತಿಂಗಳು ನಾಲ್ಕು ಔಷಧಿ. ಇಲ್ಲೊಂದು ವಂಚನೆ ಅಡಗಿದೆ. ಗಡ್ಡೆಯೊಂದು ಶ್ವಾಸನಾಳವನ್ನು ಕಟ್ಟಿದಾಗ ಅದರ ಆಚೆಗಿನ ಭಾಗದಲ್ಲಿ ಕಫ ನಿಂತು ಸೋಂಕಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬೇರೆ ಹಲವು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಮದ್ದು. ಹಾಗಾಗಿ ಆ ಸೋಂಕು ತಗ್ಗಿ, ಜ್ವರ ಬಿಟ್ಟು, ರೋಗಿ ನಾಲ್ಕು ತುತ್ತು ಹೆಚ್ಚು ಉಣ್ಣುತ್ತಾರೆ. ಮದ್ದು ಹಿಡಿಯಿತು ಎಂದು ಮನೆಯವರೂ ಆಶಾ ಕಾರ್ಯಕರ್ತೆಯೂ ಸಂತೋಷಪಡುತ್ತಾರೆ. ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಆರು ತಿಂಗಳು ಮುಗಿದು, ‘ಇದು ಮದ್ದಿಗೆ ಬಗ್ಗದ ಟಿಬಿ ಇರಬಹುದು’ ಎಂಬ ಮಾತು ಶುರುವಾಗುವ ಹೊತ್ತಿಗೆ ಆಪರೇಷನ್ನಿನ ಕಾಲ ಮೀರಿರುತ್ತದೆ.

ಬ್ಯಾಕ್ಟೀರಿಯಾ ಸಿಕ್ಕಿರದ ರೋಗಿಗೆ ಎರಡು ತಿಂಗಳ ಔಷಧಿ ಮುಗಿದಾಗ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿದರೆ ಈ ನಷ್ಟದ ದೊಡ್ಡ ಪಾಲು ತಪ್ಪುತ್ತದೆ. ಕಲೆ ಚಿಕ್ಕದಾಗದೆ ಹಾಗೇ ಇದ್ದರೆ ಅಥವಾ ಹಿಗ್ಗಿದ್ದರೆ, ಔಷಧಿ ಮುಂದುವರಿಸುವ ಮೊದಲು ಸಿಟಿ ಸ್ಕ್ಯಾನು, ಶ್ವಾಸನಾಳದೊಳಗೆ ಕ್ಯಾಮೆರಾ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಆಗಬೇಕು. ಕ್ಷಯ ಬಂದುಹೋದ ಶ್ವಾಸಕೋಶದಲ್ಲಿ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಹೆಚ್ಚು ಎಂಬುದನ್ನೂ ಮರೆಯಬಾರದು. ಎರಡೂ ಒಟ್ಟಿಗೆ ಇರಬಹುದು, ಒಂದು ಸಾಬೀತಾದರೆ ಇನ್ನೊಂದು ಇಲ್ಲವೆಂದು ಸಾಬೀತಾಗುವುದಿಲ್ಲ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯೂ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಹೊಸೂರು ರಸ್ತೆಯ ಆಸುಪಾಸಿನಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ದೂರದ ಜಿಲ್ಲೆಯ ರೋಗಿಗೆ ಒಂದರ ಗೇಟಿನಿಂದ ಇನ್ನೊಂದರ ಗೇಟಿಗೆ ತಲುಪಲು ತಿಂಗಳುಗಳೇ ಬೇಕಾಗುವುದು ದುಃಖದ ಸಂಗತಿ.

ಈ ಮಾತು ಈಗ ಹೆಚ್ಚು ಮುಖ್ಯ ಯಾಕೆಂದರೆ, 2024ರ ಡಿಸೆಂಬರ್ 7ರಂದು ಶುರುವಾದ 100 ದಿನಗಳ ಕ್ಷಯ ಪತ್ತೆ ಅಭಿಯಾನದಿಂದೀಚೆಗೆ ಕೈಯಲ್ಲಿ ಹಿಡಿದು ಒಯ್ಯಬಹುದಾದ ಎಕ್ಸ್‌ರೇ ಯಂತ್ರಗಳು ಹಳ್ಳಿಗಳನ್ನು ತಲುಪುತ್ತಿವೆ. ಕಂಪ್ಯೂಟರೇ ಚಿತ್ರ ನೋಡಿ ಕ್ಷಯದ ಅನುಮಾನವಿದೆಯೇ ಎಂದು ಹೇಳುತ್ತದೆ. ಅನುಮಾನ ಬಂದವರ ಕಫ ಕ್ಷಯದ ಬ್ಯಾಕ್ಟೀರಿಯಾದ ಜೀನನ್ನೇ ಹುಡುಕುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಗೆ ಹೋಗುತ್ತದೆ. ನಮ್ಮ ದೇಶ ಮಾಡುತ್ತಿರುವ ಬಹಳ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬುತ್ತೇನೆ. ಆದರೆ ಎಕ್ಸ್‌ರೇಯಲ್ಲಿ ಕಲೆಯಿದ್ದು, ಕಫದಲ್ಲಿ ಕ್ಷಯ ಸಿಗದವರ ಹೆಸರು ಯಾವ ಪಟ್ಟಿಗೆ ಸೇರುತ್ತದೆ? ಅಭಿಯಾನದ ಲೆಕ್ಕದಲ್ಲಿ ಅವರು ‘ಕ್ಷಯ ಇಲ್ಲದವರು’. ಅವರಲ್ಲಿ ಬೀಡಿ ಸೇದುವ ಅರವತ್ತರ ರೈತನಿರಬಹುದು, ನಲವತ್ತು ವರ್ಷ ಸೌದೆ ಒಲೆಯ ಮುಂದೆಯೂ ಬಚ್ಚಲ ಹಂಡೆಯ ಮುಂದೆಯೂ ಹೊಗೆ ಕುಡಿದ ಹೆಂಗಸಿರಬಹುದು. ಅದೇ ಎಕ್ಸ್‌ರೇಯನ್ನು ಜಿಲ್ಲಾಸ್ಪತ್ರೆಯ ಎದೆರೋಗ ತಜ್ಞರೊಬ್ಬರು ಮತ್ತೊಮ್ಮೆ ನೋಡಿ, ಬೇಕಾದವರನ್ನು ಸಿಟಿ ಸ್ಕ್ಯಾನಿಗೆ ಕಳಿಸುವ ಏರ್ಪಾಡು ಮಾಡಿದರೆ, ಈಗಾಗಲೇ ಖರ್ಚು ಮಾಡಿರುವ ಹಣದಲ್ಲೇ ಒಂದಷ್ಟು ಜೀವ ಉಳಿಯುತ್ತದೆ.

ಸಿಗರೇಟು, ಬೀಡಿ ಮುಟ್ಟದವರಿಗೆ ಈ ಕಾಯಿಲೆ ಬಾರದು ಎಂಬ ಭಾವನೆ ಇನ್ನೊಂದು ಅಡ್ಡಿ. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ದಿನವೂ ಧ್ವನಿ ಕೇಳುತ್ತಿದ್ದ ನಿರೂಪಕಿ ಅಪರ್ಣಾ 2024ರ ಜುಲೈನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ, ಹೆಂಗಸರಿಗೂ ಇದು ಬರುತ್ತದೆಯೇ ಎಂದು ಅಚ್ಚರಿಪಟ್ಟವರು ಕಡಿಮೆಯಿಲ್ಲ. ಬರುತ್ತದೆ. ಹೊರಗಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್‌ಕಾರಕವೆಂದು 2013ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿದೆ. ಮನೆಯೊಳಗಿನ ಸೌದೆಯ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿನಲ್ಲಿಟ್ಟಿದೆ.

ಇನ್ನು ಉಬ್ಬಸ. ಅಮೆರಿಕದ ಗಂಟಲು ತಜ್ಞ ಶೆವಲಿಯರ್ ಜಾಕ್ಸನ್, ಉಬ್ಬಸವೆಲ್ಲ ಅಸ್ತಮಾ ಅಲ್ಲ ಎಂದು ನೂರು ವರ್ಷಗಳ ಹಿಂದಿನ ತಲೆಮಾರಿಗೇ ಎಚ್ಚರಿಸಿದ್ದರು. ದೊಡ್ಡ ಶ್ವಾಸನಾಳದಲ್ಲಿ ಗಡ್ಡೆ ಬೆಳೆದು ದಾರಿ ಕಿರಿದಾದರೂ ಸೀಟಿಯ ಸದ್ದು ಬರುತ್ತದೆ. ಅಸ್ತಮಾದಲ್ಲಿ ಆ ಸದ್ದು ಎರಡೂ ಕಡೆ, ಹಲವು ಸ್ವರಗಳಲ್ಲಿ, ಬಂದು ಹೋಗಿ ಮಾಡುತ್ತದೆ. ಗಡ್ಡೆಯದು ಒಂದೇ ಕಡೆ, ಒಂದೇ ಸ್ವರ, ಇನ್‌ಹೇಲರ್ ಎಳೆದರೂ ಬದಲಾಗದು. ಜೀವಮಾನದಲ್ಲಿ ಎಂದೂ ಅಸ್ತಮಾ ಇಲ್ಲದವರಿಗೆ ಐವತ್ತೈದರಲ್ಲಿ ಒಮ್ಮೆಲೇ ಅಸ್ತಮಾ ಬಂತು ಎಂದರೆ ಒಂದು ಎಕ್ಸ್‌ರೇಯಾದರೂ ಆಗಲೇಬೇಕು. ಅದರ ಖರ್ಚು ಕೆಲವೇ ನೂರು ರೂಪಾಯಿ.

ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಇನ್ನೂ ಸೂಕ್ಷ್ಮ. ಎರಡು ಶ್ವಾಸಕೋಶಗಳ ನಡುವಿನ ಜಾಗದಲ್ಲಿ ಲಿಂಫೋಮಾ ಅಥವಾ ಒಂದು ಬಗೆಯ ರಕ್ತದ ಕ್ಯಾನ್ಸರ್ ವಾರಗಳಲ್ಲೇ ದೊಡ್ಡ ಗಡ್ಡೆಯಾಗಿ ಬೆಳೆದು ಶ್ವಾಸನಾಳವನ್ನು ಒತ್ತುತ್ತದೆ. ಹುಡುಗನಿಗೆ ಕೆಮ್ಮು, ದಮ್ಮು, ಸೀಟಿಯ ಸದ್ದು. ವೀಸಿಂಗ್ ಎಂದು ನೆಬುಲೈಸರ್ ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಅಥವಾ ಐದು ದಿನಕ್ಕೆ ಮಾತ್ರೆ ಬರೆಯುತ್ತಾರೆ. ಹುಡುಗ ಚೇತರಿಸಿಕೊಳ್ಳುತ್ತಾನೆ, ನಿಜವಾಗಿಯೂ ಚೇತರಿಸಿಕೊಳ್ಳುತ್ತಾನೆ. ಏಕೆಂದರೆ ಸ್ಟೀರಾಯ್ಡ್ ಈ ಕ್ಯಾನ್ಸರುಗಳಿಗೂ ಕೊಡುವ ಔಷಧಿ, ಗಡ್ಡೆಯನ್ನು ಕೆಲವೇ ದಿನಗಳಲ್ಲಿ ಕರಗಿಸುತ್ತದೆ. ಆದರೆ ಪೂರ್ತಿ ಕೊಲ್ಲುವುದಿಲ್ಲ. ಕೆಲವು ವಾರ ಬಿಟ್ಟು ಅದು ಮರಳುತ್ತದೆ. ಸ್ಟೀರಾಯ್ಡ್ ಕೊಟ್ಟ ಬೆನ್ನಿಗೇ ತೆಗೆದ ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆಂದು ತೆಗೆದ ಗಡ್ಡೆಯ ಚೂರಿನಲ್ಲಿ, ಸತ್ತ ಕೋಶಗಳೇ ಸಿಕ್ಕಿ ಯಾವ ಕ್ಯಾನ್ಸರೆಂದು ಹೇಳಲಾಗದೆ ಹೋಗಬಹುದು. ಕೋಶಗಳು ಒಮ್ಮೆಲೇ ಸತ್ತು ಅವುಗಳೊಳಗಿನ ಪೊಟ್ಯಾಸಿಯಂ, ಯೂರಿಕ್ ಆಮ್ಲ ರಕ್ತಕ್ಕೆ ಸುರಿದು ಮೂತ್ರಪಿಂಡವೇ ಕೈಕೊಟ್ಟ ಪ್ರಸಂಗಗಳೂ ಇವೆ. ಆದ್ದರಿಂದ ಮೊದಲ ಸಲ ಇಂಥ ದಮ್ಮು ಬಂದು, ಮಗು ಅಂಗಾತ ಮಲಗಲಾಗದೆ ಎದ್ದು ಕೂರುತ್ತಿದ್ದರೆ, ಬೆಳಿಗ್ಗೆ ಮುಖ ಊದಿಕೊಂಡಿದ್ದರೆ, ಕತ್ತಿನಲ್ಲಿ ಗಂಟುಗಳಿದ್ದರೆ, ಸ್ಟೀರಾಯ್ಡಿಗೂ ಮೊದಲು ಎದೆಯ ಎಕ್ಸ್‌ರೇಯೂ ಒಂದು ರಕ್ತಪರೀಕ್ಷೆಯೂ ಆಗಬೇಕು. ಉಸಿರೇ ನಿಲ್ಲುವ ಸ್ಥಿತಿಯಿದ್ದರೆ ಮಾತು ಬೇರೆ, ಜೀವ ಉಳಿಸಲು ಕೈಗೆ ಸಿಕ್ಕ ಮದ್ದು ಕೊಡಲೇಬೇಕು. ಹಾಗೆ ಕೊಟ್ಟಿದ್ದನ್ನು ಚೀಟಿಯಲ್ಲಿ ಬರೆದಿಡಬೇಕು, ಮುಂದಿನ ವೈದ್ಯರಿಗೆ ಅದು ತುಂಬ ಬೆಲೆಯ ಮಾಹಿತಿ. ಈ ಮಕ್ಕಳ ಕ್ಯಾನ್ಸರುಗಳಲ್ಲಿ ಬಹಳಷ್ಟು ವಾಸಿಯಾಗುವಂಥವು, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಜಕ್ಕೂ ಕ್ಷಣದಲ್ಲಿ ಬರುವ ದಮ್ಮು ಬೇರೆಯದೇ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಹೋಗಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚುವುದು, ಪಲ್ಮನರಿ ಎಂಬಾಲಿಸಂ. ಕ್ಯಾನ್ಸರಿಗೂ ರಕ್ತ ಹೆಪ್ಪುಗಟ್ಟುವುದಕ್ಕೂ ನಂಟಿದೆ ಎಂದು 1865ರಲ್ಲಿ ಪ್ಯಾರಿಸ್ಸಿನ ವೈದ್ಯ ಅರ್ಮಾನ್ ಟ್ರೂಸೋ ಪಾಠ ಹೇಳಿದರು. ಎರಡು ವರ್ಷದ ಬಳಿಕ, 1867ರ ಹೊಸ ವರ್ಷದ ಹೊತ್ತಿಗೆ, ತಮ್ಮ ದೇಹದಲ್ಲೇ ಅಂಥ ಹೆಪ್ಪು ಕಂಡಾಗ ಒಳಗೆ ಏನಿದೆಯೆಂದು ಅವರಿಗೆ ಗೊತ್ತಾಯಿತು. ಅದೇ ಜೂನ್ ತಿಂಗಳಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಹಲವು ಕ್ಯಾನ್ಸರ್ ಕೋಶಗಳು ರಕ್ತ ಹೆಪ್ಪುಗಟ್ಟಿಸುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೊಟೀನನ್ನು ತಾವೇ ಹೊರಸೂಸುತ್ತವೆ ಎಂದು ಈಗ ತಿಳಿದಿದೆ. ಮೇದೋಜೀರಕ, ಜಠರ, ಮೆದುಳು, ಅಂಡಾಶಯ, ಶ್ವಾಸಕೋಶದ ಕ್ಯಾನ್ಸರುಗಳು ಇದರಲ್ಲಿ ಮುಂದು.

ಹಾಗಾದರೆ ಕಾರಣವಿಲ್ಲದೆ ಹೆಪ್ಪುಗಟ್ಟಿದವರಿಗೆಲ್ಲ ತಲೆಯಿಂದ ಕಾಲಿನವರೆಗೆ ಸ್ಕ್ಯಾನು ಮಾಡಿಸಬೇಕೇ? ಇಲ್ಲಿ ನನ್ನ ವಾದಕ್ಕೆ ನಾನೇ ಕಡಿವಾಣ ಹಾಕಬೇಕು. ಕೆನಡಾದಲ್ಲಿ ಇಂಥ 854 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾದದ್ದು 33 ಮಂದಿಯಲ್ಲಿ, ಅಂದರೆ ಶೇ 3.9. ಅರ್ಧದಷ್ಟು ಜನರಿಗೆ ಮಾಮೂಲಿ ತಪಾಸಣೆಯ ಜೊತೆಗೆ ಹೊಟ್ಟೆಯ ಸಿಟಿ ಸ್ಕ್ಯಾನನ್ನೂ ಮಾಡಿದ್ದರು. ಅದರಿಂದ ಕಣ್ತಪ್ಪಿದ ಕ್ಯಾನ್ಸರುಗಳ ಸಂಖ್ಯೆಯೇನೂ ಕಡಿಮೆಯಾಗಲಿಲ್ಲ. ಗಮನಿಸಬೇಕಾದದ್ದು ಆ ಮಾಮೂಲಿ ತಪಾಸಣೆಯಲ್ಲಿ ಏನೇನಿತ್ತು ಎಂಬುದನ್ನು: ಸಾವಧಾನದ ಪ್ರಶ್ನೋತ್ತರ, ಮೈಮುಟ್ಟಿ ನೋಡುವುದು, ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ವಯಸ್ಸಿಗೆ ತಕ್ಕಂತೆ ಸ್ತನ, ಗರ್ಭಕೊರಳು, ಪ್ರಾಸ್ಟೇಟ್ ತಪಾಸಣೆ. ಇಷ್ಟು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು ಮನೆಗೆ ಕಳಿಸುವ ಮೊದಲು ಆಗುತ್ತಿದೆಯೇ? ಒಬ್ಬೊಬ್ಬ ರೋಗಿಗೆ ಐದು ನಿಮಿಷವೂ ಸಿಗದ ಹೊರರೋಗಿ ವಿಭಾಗದಲ್ಲಿ ಸ್ತನ ಮುಟ್ಟಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ದುಬಾರಿ ಸ್ಕ್ಯಾನು ಬರೆಯುವುದೇ ಸುಲಭವಾಗಿಬಿಟ್ಟಿದೆ.

ಅಪರೂಪದ ಕೆಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹೃದಯದ ಸುತ್ತಲಿನ ಚೀಲದಲ್ಲಿ ಕ್ಯಾನ್ಸರಿನ ನೀರು ತುಂಬಿ ಹೃದಯ ಬಡಿಯಲಾರದೆ ದಮ್ಮು ಬರುತ್ತದೆ, ಎಕೋ ಮಾಡಿದರೆ ಗೊತ್ತಾಗುತ್ತದೆ. ಶ್ವಾಸಕೋಶದ ದುಗ್ಧನಾಳಗಳಲ್ಲೇ ಕ್ಯಾನ್ಸರ್ ಹಬ್ಬಿದಾಗ ಎಕ್ಸ್‌ರೇ ನ್ಯುಮೋನಿಯಾದಂತೆಯೋ ಹೃದಯಾಘಾತದ ನಂತರದ ನೀರಿನಂತೆಯೋ ಕಾಣುತ್ತದೆ. ಜಠರದ ಒಂದು ಬಗೆಯ ಕ್ಯಾನ್ಸರ್ ಶ್ವಾಸಕೋಶದ ಕಿರುನಾಳಗಳನ್ನೆಲ್ಲ ಮುಚ್ಚಿ ಕೆಲವೇ ದಿನಗಳಲ್ಲಿ ಜೀವ ತೆಗೆಯುವುದುಂಟು. ಅದನ್ನು ಬದುಕಿರುವಾಗ ಪತ್ತೆ ಮಾಡುವುದು ಅತ್ಯುತ್ತಮ ಆಸ್ಪತ್ರೆಗಳಿಗೂ ಕಷ್ಟ. ವಾಸಿಯಾಗದ ನ್ಯುಮೋನಿಯಾ ಮಾತ್ರ ಅಪರೂಪವಲ್ಲ. ಧೂಮಪಾನಿಗಳು ಮತ್ತು ಐವತ್ತು ದಾಟಿದವರು ನ್ಯುಮೋನಿಯಾದಿಂದ ಚೇತರಿಸಿಕೊಂಡ ಸುಮಾರು ಆರು ವಾರದ ಬಳಿಕ ಇನ್ನೊಂದು ಎಕ್ಸ್‌ರೇ ತೆಗೆಸಬೇಕೆಂದು ಬ್ರಿಟನ್ನಿನ ಎದೆರೋಗ ತಜ್ಞರ ಸಲಹೆ. ಕಲೆ ಮಾಯವಾಗಿದ್ದರೆ ಸರಿ. ಅದೇ ಜಾಗದಲ್ಲಿ ಉಳಿದಿದ್ದರೆ, ಅಥವಾ ಒಂದೇ ಜಾಗದಲ್ಲಿ ಎರಡನೆಯ ಸಲ ನ್ಯುಮೋನಿಯಾ ಬಂದರೆ, ಅದರ ಹಿಂದೆ ಏನೋ ಇದೆ.

ಹೇಗೂ ಶ್ವಾಸಕೋಶಕ್ಕೆ ಬಂದಮೇಲೆ ಮುಗಿಯಿತಲ್ಲ, ತಿಳಿದು ಏನು ಪ್ರಯೋಜನ ಎನ್ನುವವರಿದ್ದಾರೆ. ಮನೆಯ ಹಿರಿಯರು ಹೀಗೆಂದಾಗ ಅದರಲ್ಲಿ ಬೇಸರಕ್ಕಿಂತ ಮಕ್ಕಳ ಮೇಲಿನ ಮರುಕವೇ ಹೆಚ್ಚು. ಆದರೆ ಮಾತು ಸರಿಯಲ್ಲ. ಗರ್ಭದಲ್ಲಿ ಮಗುವಿನ ಬದಲು ಗುಳ್ಳೆಗಳೇ ಬೆಳೆಯುವ ಮೋಲಾರ್ ಗರ್ಭದ ನಂತರ, ಕೆಲವೊಮ್ಮೆ ಗರ್ಭಪಾತದ ಅಥವಾ ಸಹಜ ಹೆರಿಗೆಯ ನಂತರವೂ, ಕೋರಿಯೊಕಾರ್ಸಿನೋಮಾ ಎಂಬ ಕ್ಯಾನ್ಸರ್ ಬರುತ್ತದೆ. ಅದು ಮೊದಲು ಓಡುವುದೇ ಶ್ವಾಸಕೋಶಕ್ಕೆ. ಎಳೆ ಬಾಣಂತಿ ರಕ್ತ ಕೆಮ್ಮುತ್ತ, ದಮ್ಮು ಹತ್ತಿ ಬಂದರೆ ಟಿಬಿ ಎಂದು ತಿಳಿಯುವುದು ಎಷ್ಟು ಸುಲಭ! ಗರ್ಭಿಣಿಯೇ ಎಂದು ನೋಡುವ ಮೂತ್ರಪರೀಕ್ಷೆಯೇ ಇದರ ಸುಳಿವು ಕೊಡುತ್ತದೆ, ಯಾಕೆಂದರೆ ಈ ಕ್ಯಾನ್ಸರ್ ಸುರಿಸುವುದೂ ಅದೇ ಎಚ್‌ಸಿಜಿ ಹಾರ್ಮೋನು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಕೊಟ್ಟು ಈ ಕ್ಯಾನ್ಸರನ್ನು ವಾಸಿ ಮಾಡಿದ ವರದಿ ಪ್ರಕಟವಾದದ್ದು 1956ರಲ್ಲಿ. ಹರಡಿದ ಗಡ್ಡೆಯ ಕ್ಯಾನ್ಸರೊಂದು ಬರೀ ಔಷಧಿಯಿಂದ ಗುಣವಾದದ್ದು ಅದೇ ಮೊದಲು. ಶ್ವಾಸಕೋಶದ ಗಡ್ಡೆಗಳು ಎಕ್ಸ್‌ರೇಯಿಂದ ಮಾಯವಾದ ಮೇಲೂ, ಹಾರ್ಮೋನು ಸೊನ್ನೆಗೆ ಇಳಿಯುವವರೆಗೆ ಲೀ ಔಷಧಿ ಮುಂದುವರಿಸಿದರು. ರೋಗಿ ಚೆನ್ನಾಗಿರುವಾಗ ವಿಷದಂಥ ಔಷಧಿ ಯಾಕೆ ಎಂದು ಸಂಸ್ಥೆ ಅವರನ್ನು ಹೊರಹಾಕಿತು. ಬೇಗ ಔಷಧಿ ನಿಲ್ಲಿಸಿದವರಲ್ಲಿ ಕ್ಯಾನ್ಸರ್ ಮರಳಿತು, ಲೀ ಅವರ ರೋಗಿಗಳು ಬದುಕಿದರು. 1972ರಲ್ಲಿ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಇಂದಿಗೂ ಈ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ ಮೇಲೂ ಬಹುಪಾಲು ಹೆಂಗಸರು ಗುಣವಾಗುತ್ತಾರೆ. ಯುವಕರ ವೃಷಣದ ಕ್ಯಾನ್ಸರಿನ ಕಥೆಯೂ ಸಿಸ್ಪ್ಲಾಟಿನ್ ಎಂಬ ಔಷಧಿ ಬಂದ ಮೇಲೆ ಹೆಚ್ಚುಕಡಿಮೆ ಹೀಗೇ.

ಶ್ವಾಸಕೋಶದ ಕ್ಯಾನ್ಸರಿನಲ್ಲೂ ದಿನ ಬದಲಾಗಿದೆ. 2004ರಲ್ಲಿ ಗುರುತಿಸಿದ ಇಜಿಎಫ್‌ಆರ್ ಎಂಬ ಜೀನಿನ ದೋಷ, ಭಾರತೀಯರ ಅಡಿನೊಕಾರ್ಸಿನೋಮಾ ಬಗೆಯ ಕ್ಯಾನ್ಸರುಗಳಲ್ಲಿ ಕಾಲು ಭಾಗದಷ್ಟಾದರೂ ಮಂದಿಯಲ್ಲಿ ಸಿಗುತ್ತದೆ. ಧೂಮಪಾನ ಮಾಡದ ಹೆಂಗಸರಲ್ಲಿ ಇನ್ನೂ ಹೆಚ್ಚು. ಅಂಥವರಿಗೆ ದಿನಕ್ಕೊಂದು ಮಾತ್ರೆ ಸಾಕಾಗುತ್ತದೆ. ಇದು ಕ್ಯಾನ್ಸರನ್ನು ಬುಡಸಮೇತ ತೆಗೆಯುವುದಿಲ್ಲ, ಆದರೆ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಜೆಫಿಟಿನಿಬ್ ಮಾತ್ರೆಯ ಜೆನೆರಿಕ್ ನಮ್ಮಲ್ಲೇ ತಯಾರಾಗುತ್ತದೆ. ಈ ಪರೀಕ್ಷೆಯನ್ನು ಮಾಡುವುದು ಯಾವುದರಿಂದ? ಎದೆಯಿಂದ ತೆಗೆದ ಆ ನೀರಿನಿಂದಲೇ, ಅದರೊಳಗಿನ ಕೋಶಗಳನ್ನು ಒಟ್ಟುಗೂಡಿಸಿ ಗಟ್ಟಿ ಮಾಡಿ, ಅಂದರೆ ಸೆಲ್ ಬ್ಲಾಕ್ ಮಾಡಿ, ಉಳಿಸಿಕೊಂಡಿದ್ದರೆ. ಚರಂಡಿಗೆ ಸುರಿದದ್ದು ಇದು.

ಕೆಲವೊಮ್ಮೆ ಉತ್ತರ ಕ್ಯಾನ್ಸರೇ ಅಲ್ಲದಿರಬಹುದು ಎಂಬುದನ್ನೂ ಹೇಳಬೇಕು. ಅಮೆರಿಕದ ಸ್ತ್ರೀರೋಗ ತಜ್ಞ ಜೋ ಮೀಗ್ಸ್ 1937ರಲ್ಲಿ ವಿವರಿಸಿದ ಸ್ಥಿತಿಯಲ್ಲಿ ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು, ಎದೆಯಲ್ಲೂ ನೀರು, ಹೆಚ್ಚಾಗಿ ಬಲಗಡೆ. ನೋಡಿದವರು ಕೊನೆಯ ಹಂತದ ಕ್ಯಾನ್ಸರೆಂದೇ ಎಣಿಸುತ್ತಾರೆ. ಗಡ್ಡೆ ಮಾತ್ರ ನಿರಪಾಯಕಾರಿ, ಅದನ್ನು ತೆಗೆದರೆ ಎರಡೂ ಕಡೆಯ ನೀರು ತಾನಾಗಿ ಇಂಗಿಹೋಗುತ್ತದೆ. ಕ್ಯಾನ್ಸರೆಂಬ ಹೆದರಿಕೆಯಲ್ಲಿ ತಪಾಸಣೆಯನ್ನೇ ಬಿಟ್ಟ ಮನೆಯವರು ಇಂಥವರನ್ನೂ ಕಳೆದುಕೊಳ್ಳುತ್ತಾರೆ.

ಹೆದರಿಕೆಯೆಂದರೆ ಸೂಜಿಯದು. ಚುಚ್ಚಿದರೆ, ಗಾಳಿ ತಗುಲಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಆಳವಾಗಿ ಬೇರೂರಿದೆ. ಬಯಾಪ್ಸಿಗೆ ಸಹಿ ಹಾಕದೆ ರೋಗಿಯನ್ನು ಮನೆಗೆ ಕರೆದೊಯ್ದು ನಾಟಿ ಔಷಧಿಯ ಮೊರೆಹೋಗುವುದು ಇದೇ ಕಾರಣಕ್ಕೆ. ಸೂಜಿಯ ದಾರಿಯಲ್ಲಿ ಕೋಶಗಳು ಬೀಳುವುದು ಅತಿ ಅಪರೂಪ, ಬಯಾಪ್ಸಿಯಿಲ್ಲದೆ ಯಾವ ಚಿಕಿತ್ಸೆಯೂ ಶುರುವಾಗದು. ಬಯಾಪ್ಸಿ ಆದ ಆರು ತಿಂಗಳಿಗೆ ರೋಗಿ ತೀರಿಕೊಂಡರೆ ಊರು ಸೂಜಿಯನ್ನು ದೂರುತ್ತದೆ. ಅದಕ್ಕೂ ಮೊದಲಿನ ಎಂಟು ತಿಂಗಳು ಬೇರೆಯದೇ ಮದ್ದಿನಲ್ಲಿ ಕಳೆದುಹೋದದ್ದನ್ನು ಯಾರೂ ನೆನೆಯುವುದಿಲ್ಲ. ವೈದ್ಯರು ಇದನ್ನು ಗದರಿ ಹೇಳಿದರೆ ನಾಟುವುದಿಲ್ಲ, ಕೂರಿಸಿಕೊಂಡು ಹೇಳಬೇಕು. ದುಡ್ಡಿನ ಚಿಂತೆಯಿರುವ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ ಎಂಬುದನ್ನೂ ಅದೇ ಹೊತ್ತಿಗೆ ತಿಳಿಸಬೇಕು.

ಮನೆಯವರ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಎದೆಯ ನೀರು ತೆಗೆಯುವಾಗ, ಸೈಟಾಲಜಿಗೂ ಸೆಲ್ ಬ್ಲಾಕಿಗೂ ಕಳಿಸುತ್ತೀರಾ ಡಾಕ್ಟ್ರೇ ಎಂದು ಕೇಳಬಹುದು, ಅದು ಉದ್ಧಟತನವಲ್ಲ. 50ರಿಂದ 75 ಮಿಲಿಲೀಟರಿನಷ್ಟು ಕಳಿಸಿದರೆ ಪರೀಕ್ಷೆಗೆ ಅನುಕೂಲ. ಕಫದಲ್ಲಿ ಏನೂ ಸಿಗದೆ ಟಿಬಿ ಮಾತ್ರೆ ಶುರುವಾಗಿದ್ದರೆ ಎರಡು ತಿಂಗಳ ಎಕ್ಸ್‌ರೇಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ವೈದ್ಯರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಎಂದೂ ಗುಜರಿಗೆ ಹಾಕಬೇಡಿ. ಕೋವಿಡ್ ಕಾಲದಲ್ಲಿ ಮಾಡಿಸಿದ ಸಿಟಿ ಸ್ಕ್ಯಾನಿನ ಸಿ.ಡಿ. ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಶ್ವಾಸಕೋಶದಲ್ಲಿ ಈಗ ಕಂಡ ಗಟ್ಟಿ ಗಂಟು ಎರಡು ವರ್ಷದ ಹಿಂದಿನ ಸ್ಕ್ಯಾನಿನಲ್ಲೂ ಅಷ್ಟೇ ಗಾತ್ರದಲ್ಲಿದ್ದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ಬಹಳ ಕಡಿಮೆ, ಸೂಜಿಯೇ ಬೇಡವಾಗಬಹುದು. ಆಗ ಇಲ್ಲದೆ ಈಗ ಬಂದಿದ್ದರೆ, ವೈದ್ಯರು ಕಾಯುತ್ತ ಕೂರದೆ ಅದೇ ವಾರ ಬಯಾಪ್ಸಿಗೆ ಬರೆದುಕೊಡಬಹುದು.